ಹಳೆಯ ಆಟದ ಕಾರ್ಡಿಗೆ ಕೋಟಿ ರೂಪಾಯಿ: ಹಳೆಯದಾಗಿದ್ದಕ್ಕೇ ಅಷ್ಟು ಬೆಲೆಯೇ?

ಅಂಗೈಯಗಲದ ಒಂದು ಹಳೆಯ ಕಾರ್ಡು ಸುಮಾರು 100 ಕೋಟಿ ರೂಪಾಯಿಗೆ ಮಾರಾಟವಾಯಿತು ಎಂಬ ಸುದ್ದಿ ನಿಮ್ಮ ಮೊಬೈಲಿಗೂ ಬಂದಿರಬಹುದು. ಈ ಸುದ್ದಿ ನಿಜ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಚಿತ್ರವಿರುವ 1952ರ ಕಾರ್ಡು 1.26 ಕೋಟಿ ಡಾಲರಿಗೆ ಹೋಯಿತು. ಅದನ್ನು ಮಾರಿದವರು 1991ರಲ್ಲಿ ಕೊಟ್ಟಿದ್ದು 50 ಸಾವಿರ ಡಾಲರ್.

ಆದರೆ ಇಂಥ ಸುದ್ದಿಯ ಕೊನೆಯಲ್ಲಿ ಸೇರಿಸುವ ಮಾತು ಮಾತ್ರ ತಪ್ಪು: "ಹಳೆಯದನ್ನು ಎತ್ತಿಡಿ, ದಿನ ಕಳೆದಂತೆ ಬೆಲೆ ಏರುತ್ತದೆ." ಹಾಗಾದರೆ ಬೆಲೆ ಏರುವುದು ಯಾವುದರಿಂದ? ನೋಡೋಣ.

ಎಷ್ಟು ಉಳಿದಿವೆ ಎಂಬುದೇ ಮೊದಲ ಲೆಕ್ಕ

ಸಿಗರೇಟ್ ಮತ್ತು ಬಬಲ್ ಗಮ್ ಪ್ಯಾಕೆಟ್ಟಿನ ಜೊತೆ ಆಟಗಾರರ ಚಿತ್ರ ಕೊಡುವುದು ಅಮೆರಿಕದಲ್ಲಿ ಹಳೆಯ ವ್ಯಾಪಾರ ತಂತ್ರ. ನಮ್ಮಲ್ಲೂ ಬಬಲ್ ಗಮ್ ಜೊತೆ ಬಂದ ಕ್ರಿಕೆಟ್ ಚಿತ್ರಗಳನ್ನು ಕೂಡಿಟ್ಟವರು ಬಹಳ ಮಂದಿ ಇದ್ದಾರೆ.

1952ರಲ್ಲಿ ಟಾಪ್ಸ್ ಕಂಪನಿ ಮ್ಯಾಂಟಲ್ ಕಾರ್ಡು ಇದ್ದ ಕಂತನ್ನು ಬಿಡುಗಡೆ ಮಾಡುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಿತ್ತು. ಮಕ್ಕಳ ಗಮನ ಬೇರೆಡೆ ಹೊರಳಿತ್ತು. ಪೆಟ್ಟಿಗೆಗಟ್ಟಲೆ ಕಾರ್ಡು ಗೋದಾಮಿನಲ್ಲೇ ಉಳಿಯಿತು. ಜಾಗ ಖಾಲಿ ಮಾಡಲು 1960ರಲ್ಲಿ ಅವನ್ನು ಅಟ್ಲಾಂಟಿಕ್ ಸಾಗರಕ್ಕೆ ಸುರಿದೆವು ಎಂದು ಆ ಕಂಪನಿಯ ಸೈ ಬರ್ಗರ್ ಮುಂದೆ ಹೇಳಿಕೊಂಡರು. ಮಾರಾಟವಾದ ಕಾರ್ಡುಗಳನ್ನು ಮಕ್ಕಳು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿದರು, ರಬ್ಬರ್ ಬ್ಯಾಂಡ್ ಹಾಕಿ ಜೇಬಿನಲ್ಲಿ ತುರುಕಿದರು. ಮಿಕ್ಕದ್ದು ಮನೆ ಗುಡಿಸುವಾಗ ಕಸಕ್ಕೆ ಹೋಯಿತು. ಆಗ ಯಾರೂ ಅದನ್ನು ಬೆಲೆಬಾಳುವ ವಸ್ತು ಎಂದು ನೋಡಲಿಲ್ಲ. ಅದಕ್ಕೇ ಇಂದು ಅದಕ್ಕೆ ಬೆಲೆ.

ಎಲ್ಲರೂ ಎತ್ತಿಟ್ಟರೆ ಏನಾಗುತ್ತದೆ?

ಇದಕ್ಕೆ ಉತ್ತರವೂ ಅಮೆರಿಕದಲ್ಲೇ ಸಿಕ್ಕಿದೆ. 1980ರ ದಶಕದಲ್ಲಿ ಹಳೆಯ ಕಾರ್ಡುಗಳ ಬೆಲೆ ಸುದ್ದಿಯಾಯಿತು. ಜನ ಪೆಟ್ಟಿಗೆಗಟ್ಟಲೆ ಕೊಂಡು, ಒಡೆಯದೆ, ಮಕ್ಕಳ ಕಾಲೇಜು ಖರ್ಚಿಗೆ ಆಗುತ್ತದೆಂದು ಎತ್ತಿಟ್ಟರು. ಬೇಡಿಕೆ ಕಂಡ ಕಂಪನಿಗಳು ಲೆಕ್ಕವಿಲ್ಲದಷ್ಟು ಮುದ್ರಿಸಿದವು. 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ವರ್ಷಗಳವರೆಗಿನ ಈ ಕಾರ್ಡುಗಳಿಗೆ ಈಗ ಮೂವತ್ತು ವರ್ಷಕ್ಕೂ ಹೆಚ್ಚು ವಯಸ್ಸು. ಆದರೂ ಬಹುಪಾಲು ಕಾರ್ಡುಗಳಿಗೆ ಕೊಂಡಾಗಿನ ಬೆಲೆಯೂ ಹುಟ್ಟುವುದಿಲ್ಲ.

ಕಾರಣ ಸರಳ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗಲಾರದು. ವಯಸ್ಸೇ ಬೆಲೆ ತರುವುದಾಗಿದ್ದರೆ ಇವರೆಲ್ಲ ಇಂದು ಶ್ರೀಮಂತರಾಗಿರಬೇಕಿತ್ತು.

ಬೇಕು ಎನ್ನುವವರು ಇರಬೇಕು

ಅಪರೂಪವಾಗಿದ್ದರೂ ಕೇಳುವವರಿಲ್ಲದಿದ್ದರೆ ಬೆಲೆ ಇಲ್ಲ. ಪೊಕೆಮಾನ್ ಕಾರ್ಡು ಜಪಾನಿನಲ್ಲಿ ಶುರುವಾಗಿದ್ದು 1996ರಲ್ಲಿ, ಅಮೆರಿಕಕ್ಕೆ ಬಂದಿದ್ದು 1999ರ ಆರಂಭಕ್ಕೆ. ಅಂದು ಜೇಬಿನಲ್ಲಿ ಕಾಸಿಲ್ಲದೆ ಆಸೆಪಟ್ಟ ಮಕ್ಕಳು ಇಂದು ಸಂಬಳ ಎಣಿಸುವ ವಯಸ್ಕರು. ಬಾಲ್ಯದ ಆಸೆಗೆ ದುಡ್ಡು ಸೇರಿದಾಗ ಬೆಲೆ ಜಿಗಿಯುತ್ತದೆ. 1999ರ ಮೊದಲ ಮುದ್ರಣದ ಚಾರಿಜಾರ್ಡ್ ಕಾರ್ಡೊಂದು 2022ರ ಮಾರ್ಚ್‌ನಲ್ಲಿ 4.2 ಲಕ್ಷ ಡಾಲರಿಗೆ ಹೋಗಿದ್ದು ಹೀಗೆ.

ಈ ಬೇಡಿಕೆ ಸ್ಥಿರವಲ್ಲ. ಕೊರೋನಾ ಕಾಲದಲ್ಲಿ ಮನೆಯಲ್ಲಿ ಕೂತ ಜನ ಮತ್ತೆ ಕಾರ್ಡುಗಳ ಹಿಂದೆ ಬಿದ್ದರು. ನೂಕುನುಗ್ಗಲು ಎಷ್ಟಿತ್ತೆಂದರೆ, ಅಂಗಡಿಯೊಂದರ ಬಳಿ ಹೊಡೆದಾಟ ನಡೆದ ಮೇಲೆ 2021ರ ಮೇ ತಿಂಗಳಲ್ಲಿ ಟಾರ್ಗೆಟ್ ಎಂಬ ದೊಡ್ಡ ಮಳಿಗೆ ಸರಣಿ ತನ್ನ ಅಂಗಡಿಗಳಲ್ಲಿ ಇವುಗಳ ಮಾರಾಟವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಆ ಬಿಸಿ ಆರಿದಾಗ ಎಷ್ಟೋ ಕಾರ್ಡುಗಳ ಬೆಲೆ ಇಳಿಯಿತು. ಏರುವಾಗ ಕೊಂಡವರು ನಷ್ಟ ಅನುಭವಿಸಿದರು. ಅಂಥವರ ಕಥೆ ಫಾರ್ವರ್ಡ್ ಆಗಿ ಬರುವುದಿಲ್ಲ, ಅಷ್ಟೇ.

ಸ್ಥಿತಿ ಮತ್ತು ನಂಬಿಕೆ

ಒಂದೇ ಕಾರ್ಡಿನ ಎರಡು ಪ್ರತಿಗಳ ಬೆಲೆ ನಡುವೆ ಆಕಾಶ ಭೂಮಿಯ ಅಂತರ ಇರಬಹುದು. ಮೂಲೆ ಸವೆದಿದೆಯೇ, ಅಂಚು ಹರಿದಿದೆಯೇ, ಮೇಲ್ಮೈಗೆ ಗೀರು ಬಿದ್ದಿದೆಯೇ, ಚಿತ್ರ ನಡುಮಧ್ಯೆ ಅಚ್ಚಾಗಿದೆಯೇ ಎಂದು ಪರೀಕ್ಷಿಸಿ, 10ರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ಸಂಸ್ಥೆಗಳಿವೆ. 100 ಕೋಟಿಯ ಮ್ಯಾಂಟಲ್ ಕಾರ್ಡಿಗೆ ಸಿಕ್ಕಿದ್ದು 9.5 ಅಂಕ. ಮಡಚಿದ, ಮಸುಕಾದ ಅದೇ ಕಾರ್ಡು ಇದರ ಒಂದು ಚೂರು ಬೆಲೆಗೆ ಮಾರಾಟವಾಗುತ್ತದೆ. ಇದು ಅಸಲಿ ಎಂದು ಮೂರನೆಯವರು ಹೇಳುವುದಕ್ಕೂ ಇಲ್ಲಿ ಬೆಲೆ ಇದೆ.

ಮತ್ತೆ ಮುದ್ರಿಸುವುದಿಲ್ಲ ಎಂಬ ಭರವಸೆಯೂ ಮುಖ್ಯ. ಮ್ಯಾಜಿಕ್ ಎಂಬ ಕಾರ್ಡು ಆಟದ ಕಂಪನಿ 1995ರಲ್ಲಿ ಹಳೆಯ ಕಾರ್ಡುಗಳನ್ನು ಮರುಮುದ್ರಿಸಿದಾಗ ಸಂಗ್ರಾಹಕರು ಸಿಟ್ಟಾದರು. ಮರುವರ್ಷ ಕಂಪನಿ ಒಂದು ಪಟ್ಟಿ ಪ್ರಕಟಿಸಿ, ಇದರಲ್ಲಿರುವ ಕಾರ್ಡುಗಳನ್ನು ಇನ್ನೆಂದೂ ಮುದ್ರಿಸುವುದಿಲ್ಲ ಎಂದು ಮಾತು ಕೊಡಬೇಕಾಯಿತು.

ಹಾಗಾದರೆ ನಮ್ಮ ಹಳೆಯ ನಾಣ್ಯ, ನೋಟು?

"ನಿಮ್ಮಲ್ಲಿರುವ ಹಳೆಯ 5 ರೂಪಾಯಿ ನೋಟಿಗೆ ಲಕ್ಷಾಂತರ ರೂಪಾಯಿ" ಎಂಬ ಫಾರ್ವರ್ಡಿಗೂ ಇದೇ ಅಳತೆ ಹಿಡಿಯಿರಿ. ಕೋಟಿಗಟ್ಟಲೆ ಅಚ್ಚಾಗಿ, ಇಂದಿಗೂ ಮನೆಮನೆಯ ಡಬ್ಬಿಯಲ್ಲಿರುವ ನೋಟಿಗೆ ಯಾರಾದರೂ ಲಕ್ಷ ಏಕೆ ಕೊಟ್ಟಾರು? ನಿಜವಾಗಿ ಅಪರೂಪದ ನಾಣ್ಯಗಳು ಇವೆ, ಆದರೆ ಅವು ಕೆಲವೇ. ಆನ್‌ಲೈನಿನಲ್ಲಿ ಯಾರೋ ಹಾಕಿದ ಬೆಲೆ ಅವರ ಆಸೆ ಮಾತ್ರ. ಮಾರಾಟವಾದ ಬೆಲೆಯೇ ನಿಜವಾದ ಬೆಲೆ.

ಇಲ್ಲಿ ಕಳೆದುಕೊಳ್ಳುವುದು ಆಸೆಯನ್ನಷ್ಟೇ ಅಲ್ಲ. ನೋಟು ಕೊಳ್ಳುತ್ತೇವೆಂದು ನಂಬಿಸಿ, ಶುಲ್ಕ, ಕಮಿಷನ್, ತೆರಿಗೆ ಎಂದು ಮೊದಲೇ ಹಣ ಕೀಳುವ ವಂಚಕರಿದ್ದಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಇದಕ್ಕಾಗಿ ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ ಎಂಬುದೂ ನೆನಪಿರಲಿ. ಮೋಸಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮುಂದಿನ ಸಲ ಇಂಥ ಸಂದೇಶ ಬಂದಾಗ, ಕಳುಹಿಸುವ ಮುನ್ನ ನಾವು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇಂಥವು ಎಷ್ಟು ಉಳಿದಿವೆ? ದುಡ್ಡು ಕೊಟ್ಟು ಕೊಳ್ಳುವವರು ಯಾರು? ಇದರ ಸ್ಥಿತಿ ಚೆನ್ನಾಗಿದೆ, ಅಸಲಿ ಎಂದು ಹೇಳುವವರು ಯಾರು? ಉತ್ತರ ಸಿಗದಿದ್ದರೆ ಹಳೆಯ ಕಾರ್ಡನ್ನೋ ನೋಟನ್ನೋ ನೆನಪಿಗಾಗಿ ಇಟ್ಟುಕೊಳ್ಳಿ. ಲಾಭದ ಆಸೆಗೆ ಕೈಯಲ್ಲಿರುವ ಹಣ ಕೊಡಬೇಡಿ.