ಮಾಲ್ಬೆಕ್ ಕಿತ್ತವರು ಯಾರು, ಗೆದ್ದವರು ಯಾರು?



ಮಾಲ್ಬೆಕ್ ಅಂದರೆ ಕೆಂಪು ವೈನಿನ ದ್ರಾಕ್ಷಿ. ತಿನ್ನುವ ತಳಿಯಲ್ಲ, ಹಿಂಡುವ ತಳಿ. ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಲ್ಲಿನ ಕಾಹೋರ್ ಸೀಮೆಯಲ್ಲಿ ಇದರ ವೈನಿಗೆ 'ಕಪ್ಪು ವೈನ್' ಅನ್ನುವ ಹೆಸರೇ ಇದೆ, ಬಣ್ಣ ಅಷ್ಟು ಗಾಢ. ಆದರೆ ಬಳ್ಳಿ ಬಲು ಸೂಕ್ಷ್ಮ. ಹವೆ ಕೆಟ್ಟರೆ ಹೂ ಉದುರುತ್ತದೆ, ಹಿಮ ಬಿದ್ದರೆ ಬಳ್ಳಿಯೇ ಸಾಯುತ್ತದೆ. 1956ರ ಹಿಮದಲ್ಲಿ ಕಾಹೋರಿನ ಬಹುಪಾಲು ತೋಟ ಸುಟ್ಟುಹೋಯಿತು.

ಇದೇ ಬಳ್ಳಿ 1853ರ ಹೊತ್ತಿಗೆ ಅರ್ಜೆಂಟೀನಾ ಸೇರಿತ್ತು. ಮೆಂಡೋಜಾದ ಒಣ ಹವೆ, ಆಂಡೀಸ್ ಬೆಟ್ಟದ ಹಿಮ ಕರಗಿ ಕಾಲುವೆಯಲ್ಲಿ ಬರುವ ನೀರು ಇದಕ್ಕೆ ಒಗ್ಗಿತು. 1960ರ ದಶಕದಲ್ಲಿ ಅಲ್ಲಿ ಸುಮಾರು 50 ಸಾವಿರ ಹೆಕ್ಟೇರಿಗೂ ಹೆಚ್ಚು ಮಾಲ್ಬೆಕ್ ಇತ್ತು. ಆಮೇಲೆ ಆ ದೇಶದ ಜನ ವೈನ್ ಕುಡಿಯುವುದು ಕಡಿಮೆಯಾಯಿತು, ಬೆಲೆ ಬಿತ್ತು. ಬೆಳೆಗಾರ ಬೇರು ಸಮೇತ ಕಿತ್ತು ಹಾಕಿದ. 1990ರ ದಶಕದ ಮಧ್ಯಕ್ಕೆ ಉಳಿದದ್ದು 10 ಸಾವಿರ ಹೆಕ್ಟೇರು ಆಸುಪಾಸು!

ಆಮೇಲೇನಾಯಿತು? ಪರದೇಶದವರಿಗೆ ಇದೇ ಮಾಲ್ಬೆಕ್ ರುಚಿಸಿತು. ರಫ್ತು ಏರಿತು. ಇವತ್ತು ಲೋಕದ ಮಾಲ್ಬೆಕ್ಕಿನಲ್ಲಿ ಮುಕ್ಕಾಲು ಪಾಲು ಅರ್ಜೆಂಟೀನಾದ್ದೇ. ಆದರೆ ಕಿತ್ತವನ ತೋಟ ಅವನಿಗೆ ವಾಪಸ್ ಬಂತೇ?

ಇಲ್ಲಿರುವ ಮರ್ಮ ನೋಡಿ. ಬಾಟಲಿಯಲ್ಲಿಟ್ಟ ಒಳ್ಳೆಯ ವೈನ್ ಹಳತಾದಷ್ಟೂ ಬೆಲೆ. ಬುಟ್ಟಿಯಲ್ಲಿಟ್ಟ ದ್ರಾಕ್ಷಿ ಹಳತಾದರೆ ತಿಪ್ಪೆಗೆ. ಕಂಪನಿಯವನು ವರ್ಷಗಟ್ಟಲೆ ಕಾಯಬಲ್ಲ, ನಾವು ನಾಲ್ಕು ದಿನ ಕಾಯಲಾರೆವು. ಬಳ್ಳಿ ಸರಿಯಾಗಿ ಫಲ ಕೊಡಲು ಮೂರು ವರ್ಷ ಬೇಕು, ಬ್ಯಾಂಕಿನ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಫಲ ಬಿಡುತ್ತದೆ! ಹೀಗಿರುವಾಗ ಬೆಲೆ ಹೇಳುವವನು ಯಾರು? ಕಾಯಬಲ್ಲವನೇ.

ನಮ್ಮ ರಾಜ್ಯಕ್ಕೂ 2007ರಲ್ಲಿ ವೈನ್ ನೀತಿ ಬಂತು. ನಂದಿ ಬೆಟ್ಟದ ಸುತ್ತ, ವಿಜಯಪುರದ ಕಡೆ ಶಿರಾಜ್, ಕ್ಯಾಬರ್ನೆ ಬಳ್ಳಿ ಹಬ್ಬಿವೆ. ಬೇಡ ಅನ್ನುತ್ತಿಲ್ಲ. ಆದರೆ ನಾಳೆ ಯಾರಾದರೂ ನಿಮ್ಮ ಹೊಲಕ್ಕೆ ಬಂದು "ಈ ತಳಿ ಹಾಕಿ, ಚಿನ್ನ ಬೆಳೆಯುತ್ತೀರಿ" ಅಂದರೆ ಸಸಿ ಮುಟ್ಟುವ ಮೊದಲು ಕೇಳಿ: ಖರ್ಚು, ಬಡ್ಡಿ, ಮನೆಯವರ ಕೂಲಿ ಸೇರಿಸಿ ಬೆಲೆ ಎಷ್ಟು? ಎಷ್ಟು ವರ್ಷಕ್ಕೆ? ಕೊಳ್ಳದೆ ಕೈಬಿಟ್ಟರೆ ನಷ್ಟ ಯಾರ ತಲೆಗೆ? ಉತ್ತರ ಬಾಯಲ್ಲಿ ಬೇಡ, ಕಾಗದದ ಮೇಲೆ ಬರಲಿ. ಒಬ್ಬೊಬ್ಬರೇ ಕೇಳಬೇಡಿ, ಊರಿಗೆ ಊರೇ ಕೂತು ಕೇಳಿ.

ತಳಿ ಯಾವುದಾದರೂ ಆಗಲಿ, ಬೆಲೆ ಗೊತ್ತಾಗದೆ ಗುಂಡಿ ತೋಡಬೇಡಿ!