‘ಸರ್ವರ್ ಡೌನ್’ ಅಂದರೆ ಅದು ಉತ್ತರವಲ್ಲ

ಹೋದ ಬಟವಾಡೆ ದಿನ ನಮ್ಮೂರ ಡೈರಿ ಮುಂದೆ ಅರ್ಧ ಊರೇ ನಿಂತಿತ್ತು. ಯಾರ ಲೆಕ್ಕವೂ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ. ‘ಸರ್ವರ್ ಡೌನ್ ಆಗೈತೆ, ನಾಳೆ ಬನ್ನಿ’ ಅಂದರು ಕಾರ್ಯದರ್ಶಿ. ‘ಸಂಘದ ಕಂತು ಇವತ್ತೇ ಕಟ್ಟಬೇಕಲ್ಲಪ್ಪ’ ಅಂತ ಪಕ್ಕದ ಮನೆ ಅಕ್ಕ ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟರು. ಬೈಗುಳವೆಲ್ಲ ಕಾರ್ಯದರ್ಶಿಗೆ. ಪಾಪ, ಅವರ ಮುಂದಿರುವುದು ಬರೀ ಪರದೆ. ಲೆಕ್ಕ ಇರುವ ಯಂತ್ರ ಎಲ್ಲೋ ದೂರದಲ್ಲಿದೆ.

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನ ಬೇರೊಂದು ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ನಮ್ಮ ಡೈರಿಯದ್ದು ಏನಾಗಿತ್ತೋ ಅವನಿಗೂ ಗೊತ್ತಿಲ್ಲ. ಆದರೆ ಹಬ್ಬಕ್ಕೆ ಬಂದಾಗ ತನ್ನ ಕೆಲಸದಲ್ಲಿ ಆದದ್ದನ್ನು ಹೇಳಿದ. ಅದನ್ನು ಕೇಳಿದ ಮೇಲೆಯೇ ಇದನ್ನು ಬರೆಯಬೇಕು ಅನ್ನಿಸಿದ್ದು.

ಈಗ ಬಹಳಷ್ಟು ಕಂಪನಿಗಳು ತಮ್ಮ ತಂತ್ರಾಂಶವನ್ನು ಕಂಟೈನರ್ ಅನ್ನುವ ಡಬ್ಬಿಗಳಲ್ಲಿ ಓಡಿಸುತ್ತವೆ. ಡಬ್ಬಿ ಇರುವ ಹೊದಿಕೆಗೆ ಪಾಡ್ ಅಂತ ಹೆಸರು. ಅವರೆಕಾಯಿ ಸಿಪ್ಪೆಯೊಳಗೆ ಕಾಳು ಇದ್ದ ಹಾಗೆ ಅಂದುಕೊಳ್ಳಿ. ಇವನ್ನೆಲ್ಲ ಕಾಯುವ ಮೇಸ್ತ್ರಿ ಕುಬರ್ನೆಟಿಸ್. ಗೂಗಲ್ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಒಂದು ಡಬ್ಬಿ ಸತ್ತರೆ ಈ ಮೇಸ್ತ್ರಿ ತಾನೇ ಮತ್ತೆ ಎಬ್ಬಿಸುತ್ತಾನೆ.

ಅವರಲ್ಲಿ ಟ್ರೀನೋ ಎಂಬ ಕ್ವೆರಿ ಸರ್ವರ್ ಇತ್ತು. ‘ಈ ಗಿರಾಕಿಯ ಈ ತಿಂಗಳ ಲೆಕ್ಕ ಎಷ್ಟು’ ಅಂತ ಕೇಳಿದರೆ ರಾಶಿ ಲೆಕ್ಕದಲ್ಲಿ ಹುಡುಕಿ ಕೊಡುವ ಯಂತ್ರ. ಅದು ದಿನಾ ಬೆಳಿಗ್ಗೆ ಬೀಳುತ್ತಿತ್ತು, ತಾನೇ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ನಾಲ್ಕು ದಿನ ಎಲ್ಲರೂ ಮಾಡಿದ್ದು ಒಂದೇ: ಪಾಡನ್ನೇ ಅಳಿಸಿ ಹೊಸದು ಹುಟ್ಟಿಸುವುದು. ದೂರು ‘ಬಗೆಹರಿದಿದೆ’ ಅಂತ ಮುಚ್ಚುವುದು.

ತಮಾಷೆ ಅಂದರೆ, ಸರ್ವರ್ ತಾನೇ ಬರೆಯುವ ದಿನಚರಿಯಲ್ಲಿ ತಪ್ಪಿನ ಒಂದು ಸಾಲೂ ಇರಲಿಲ್ಲ. ಐದನೇ ದಿನ ಇವನು ಅಳಿಸುವ ಮೊದಲು ಪಾಡಿನ ವಿವರ ತೆರೆದು ನೋಡಿದ. ಹಿಂದಿನ ಸ್ಥಿತಿ ಅನ್ನುವ ಕಡೆ ‘ಓಓಎಂ ಕಿಲ್ಡ್’, ಸಂಖ್ಯೆ 137. ಮೆಮೊರಿ ಮಿತಿ ಮೀರಿತು, ಲಿನಕ್ಸ್ ಹೊರಗಿನಿಂದ ಕೊಂದಿತು ಅಂತ ಅರ್ಥ. ಹಾಗೆ ಸಾಯುವವನಿಗೆ ಕೊನೆಯ ಮಾತು ಬರೆಯಲು ಸಮಯವೇ ಸಿಗುವುದಿಲ್ಲ, ಅದಕ್ಕೇ ದಿನಚರಿ ಖಾಲಿ. ಪಾಡಿಗೆ ಕೊಟ್ಟ ಮಿತಿ 8 ಜಿಬಿ. ಒಳಗಿನ ಜಾವಾಗೂ ಅದರ ರಾಶಿಗೆಂದು ಪೂರ್ತಿ 8 ಜಿಬಿ ಬರೆದುಕೊಟ್ಟಿದ್ದರು. ಆದರೆ ಜಾವಾಗೆ ಆ ರಾಶಿಯ ಹೊರಗೂ ಒಂದಿಷ್ಟು ಜಾಗ ಬೇಕು. ಎಂಟು ಚೀಲದ ಗಾಡಿಗೆ ಎಂಟು ಚೀಲ ಹೇರಿ ಮೇಲೆ ಮೂವರು ಹತ್ತಿ ಕೂತಂತೆ. ರಾಶಿಯನ್ನು 6 ಜಿಬಿಗೆ ಇಳಿಸಿ, ಒಂದು ಕ್ವೆರಿ ಇಷ್ಟೇ ಮೆಮೊರಿ ತಿನ್ನಬೇಕು ಅಂತ ಕಡಿವಾಣ ಹಾಕಿದರು. ಬೀಳುವುದು ನಿಂತಿತು.

ಜನ ಕಾಯುತ್ತಿರುವಾಗ ಮೊದಲು ಎಬ್ಬಿಸಬೇಡವೇ ಅಂತ ನೀವು ಕೇಳಬಹುದು. ಎಬ್ಬಿಸಲಿ. ಆದರೆ ಪಾಡನ್ನು ಅಳಿಸಿದರೆ ಅದರ ವಿವರವೂ ಅದರ ಜೊತೆಗೇ ಹೋಗುತ್ತದೆ. ದಿನಚರಿಯನ್ನು ಬೇರೆಡೆ ಕೂಡಿಡುವ ಏರ್ಪಾಡು ಇಲ್ಲದಿದ್ದರೆ ಅದೂ ಹೋಯಿತು. ಬರೆದಿಟ್ಟುಕೊಳ್ಳಲು ಬೇಕಾದದ್ದು ಎರಡು ನಿಮಿಷ. ಆ ಎರಡು ನಿಮಿಷ ಉಳಿಸಲು ಹೋಗಿ ನಾಲ್ಕು ದಿನ ಜನರನ್ನು ಕಾಯಿಸಿದ್ದು ನನಗೆ ಕೆಲಸಗಳ್ಳತನ ಅನ್ನಿಸುತ್ತದೆ. ತಮ್ಮನಿಗೆ ಈ ಮಾತು ಹಿಡಿಸಲಿಲ್ಲ. ಬೇಗ ಎಬ್ಬಿಸಿದವನಿಗೇ ಮೇಲಿನವರ ಶಹಭಾಷ್ ಅಂದ. ಹಾಗಿದ್ದರೆ ತಪ್ಪು ಮೇಲಿನವರದು.

ನಾವೂ ಸುಮ್ಮನೆ ಮನೆಗೆ ಹೋಗಬಾರದು. ಎಷ್ಟು ಗಂಟೆಗೆ ನಿಂತಿತು, ಪರದೆ ಮೇಲೆ ಏನು ಬಂತು, ಎಷ್ಟು ಜನ ಕಾಯುತ್ತಿದ್ದರು ಅಂತ ಬರೆಸಬೇಕು. ನಮ್ಮ ಕಾರ್ಯದರ್ಶಿ ಈಗ ಹಾಲಿನ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದಾರೆ. ಮೂರು ಸಲ ನಿಂತಿದೆ. ಮೂರೂ ಸಲ ಬಟವಾಡೆ ದಿನವೇ, ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ. ಆ ಹಾಳೆಯ ಫೋಟೊ ತೆಗೆದು ತಂತ್ರಾಂಶದ ಕಂಪನಿಗೆ ಕಳಿಸಿದ್ದೇವೆ, ಯಾಕೆ ನಿಂತಿತು ಅಂತ ಬರವಣಿಗೆಯಲ್ಲಿ ತಿಳಿಸಿ ಎಂದು ಕೇಳಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.