ಹಳೆಯ ಕಂಪ್ಯೂಟರಿಗೆ ಹೊಸ ಮೆಮೊರಿ ಕೂಡೀತೇ?

ವಿಂಡೋಸ್ 10 ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಇದರೊಂದಿಗೆ ಹಳ್ಳಿಯ ಶಾಲೆ, ಸಹಕಾರಿ ಸಂಘ, ವಾಚನಾಲಯಗಳಲ್ಲಿರುವ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಬೇಕೆಂಬ ಮಾತು ಬಲಗೊಂಡಿದೆ. ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ: ಹಳೆಯ ಯಂತ್ರಕ್ಕೆ ಹೊಸ ಮೆಮೊರಿ ಜೋಡಿಸಿ ಅದನ್ನು ಉಳಿಸಿಕೊಳ್ಳಲು ಸಾಧ್ಯವೇ?

ಕಸಿ ಕಟ್ಟಿ ಬಲ್ಲವರಿಗೆ ಉತ್ತರ ಅರ್ಧ ತಿಳಿದೇ ಇದೆ. ಹಿಪ್ಪಲಿಯ ಬೇರಿಗೆ ಕಾಳುಮೆಣಸು ಕೂಡುತ್ತದೆ; ಮಾವಿಗೆ ಹಲಸು ಕೂಡದು. ಮೆಮೊರಿಯಲ್ಲೂ ತಲೆಮಾರುಗಳಿವೆ. 2007ರ ವೇಳೆಗೆ ಬಂದ ಡಿಡಿಆರ್3 ಪಟ್ಟಿಗೆ 1.5 ವೋಲ್ಟ್ ಬೇಕು, 2014ರ ಡಿಡಿಆರ್4ಕ್ಕೆ 1.2 ವೋಲ್ಟ್, ಅದರ ನಂತರದ ಡಿಡಿಆರ್5ಕ್ಕೆ 1.1 ವೋಲ್ಟ್. ತಪ್ಪಿಯೂ ಅದಲುಬದಲಾಗದಿರಲೆಂದು ಪಟ್ಟಿಯ ಅಂಚಿನ ಕಚ್ಚನ್ನೇ ಬೇರೆ ಬೇರೆ ಜಾಗದಲ್ಲಿ ಇಡಲಾಗಿದೆ. ಮೆಮೊರಿಯನ್ನು ನಿಯಂತ್ರಿಸುವ ಭಾಗವು ಇಂದು ಪ್ರೊಸೆಸರಿನೊಳಗೇ ಇರುವುದರಿಂದ ಮಧ್ಯೆ ಯಾವುದೋ ತುಂಡು ಸಿಕ್ಕಿಸಿ ಹೊಂದಿಸುವ ದಾರಿಯೂ ಇಲ್ಲ. ಆದ್ದರಿಂದ ಹಳೆಯ ಯಂತ್ರಕ್ಕೆ ಹೊಸ ತಲೆಮಾರಿನ ಮೆಮೊರಿ ಸೇರದು.

ಹಾಗೆಂದು ಯಂತ್ರದ ಆಯುಷ್ಯ ಮುಗಿಯಿತೆಂದು ತಿಳಿಯುವುದು ಅವಸರದ ತೀರ್ಮಾನ. ಬೇಕಾಗಿರುವುದು ಹೊಸ ಜಾತಿಯಲ್ಲ, ಅದೇ ಜಾತಿಯ ಹೆಚ್ಚಿನ ಪ್ರಮಾಣ. 2011ರ ಸುಮಾರಿಗೆ ಬಂದ, ಎಚ್61 ಚಿಪ್‌ಸೆಟ್ ಇರುವ ಸಾಮಾನ್ಯ ಮದರ್‌ಬೋರ್ಡನ್ನೇ ನೋಡಬಹುದು. ಅದರಲ್ಲಿ ಎರಡು ಖಾನೆಗಳಿದ್ದು, 16 ಜಿಬಿವರೆಗಿನ ಡಿಡಿಆರ್3 ಮೆಮೊರಿ ಹಿಡಿಸುತ್ತದೆ. ಇಂತಹ ಎಷ್ಟೋ ಯಂತ್ರಗಳು 2 ಜಿಬಿಯಲ್ಲೇ ಏದುಸಿರು ಬಿಡುತ್ತಿವೆ. ಎರಡನ್ನು ಎಂಟಾಗಿಸಿ, ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಮಕ್ಕಳ ಪಾಠ, ಸಂಘದ ಲೆಕ್ಕ, ಕನ್ನಡ ಬೆರಳಚ್ಚು ಇವೆಲ್ಲ ತೊಡಕಿಲ್ಲದೆ ನಡೆಯುತ್ತವೆ. ಆದರೆ ವ್ಯವಸ್ಥೆ 32 ಬಿಟ್‌ನದ್ದಾಗಿದ್ದರೆ ಸಾಮಾನ್ಯವಾಗಿ 4 ಜಿಬಿಗಿಂತ ಹೆಚ್ಚಿನದನ್ನು ಅದು ಕಾಣಲಾರದು; 64 ಬಿಟ್‌ಗೆ ಬದಲಿಸಲೇಬೇಕು. ಮೆಮೊರಿ ಹೆಚ್ಚಿಸಿದ ಮಾತ್ರಕ್ಕೆ ವಿಂಡೋಸ್ 11 ಒಪ್ಪಿಕೊಳ್ಳುವುದೂ ಇಲ್ಲ. ಅದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನೂ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಅಥವಾ ನಂತರದ ತಲೆಮಾರಿನ ಪ್ರೊಸೆಸರನ್ನೂ ಕೇಳುತ್ತದೆ. ಹಳೆಯ ಯಂತ್ರಕ್ಕೆ ಲಿನಕ್ಸ್ ತಕ್ಕ ಜೋಡಿ, ಬೆಲೆಯೂ ಇಲ್ಲ.

ಮಳೆಗಾಲದ ಮಾತೊಂದು. ತಿಂಗಳುಗಟ್ಟಲೆ ಮುಚ್ಚಿದ್ದ ಕೋಣೆಯ ಕಂಪ್ಯೂಟರು ಬರೀ ಬೀಪ್ ಎಂದು ಕೂಗಿ ಸುಮ್ಮನಾದರೆ ಅದು ಸತ್ತಿತೆಂದು ಭಾವಿಸಬೇಕಿಲ್ಲ. ವಿದ್ಯುತ್ ತಂತಿ ಕಳಚಿ, ಮೆಮೊರಿ ಪಟ್ಟಿಯನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ ಮರಳಿ ಕೂರಿಸಿದರೆ ಎಷ್ಟೋ ಸಲ ಜೀವ ಬರುತ್ತದೆ.

ನಿಜವಾದ ಅನ್ಯಾಯ ಬೇರೆಡೆ ಇದೆ. ಇಂದಿನ ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದುಬಿಡುತ್ತಾರೆ. ಕೊಂಡ ದಿನ 8 ಜಿಬಿ ಇದ್ದರೆ ಕೊನೆಯವರೆಗೂ ಅಷ್ಟೇ. ಒಂದು ಚಿಪ್ ಕೆಟ್ಟರೆ ಇಡೀ ಬೋರ್ಡೇ ವ್ಯರ್ಥವಾಗಬಹುದು. ತೆಳುವಾಗಿರಲು ಇದು ಅನಿವಾರ್ಯವೆಂಬ ಸಮಜಾಯಿಷಿಯೂ ಈಗ ಸಲ್ಲದು. ಬಿಚ್ಚಿ ಬದಲಿಸಬಹುದಾದ ತೆಳು ಮೆಮೊರಿಗೆಂದೇ ಜೆಡೆಕ್ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಕ್ಯಾಮ್2 ಮಾನದಂಡವನ್ನು ಪ್ರಕಟಿಸಿದೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತೆಂದೂ, ಅದರಲ್ಲಿ ಶೇ. 22.3ರಷ್ಟು ಮಾತ್ರ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯಾಯಿತೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಲ್ಯಾಪ್‌ಟಾಪಿನಿಂದಾಗುವ ಇಂಗಾಲದ ಹೊರೆಯ ಬಹುಪಾಲು ಬಳಕೆಯಲ್ಲಲ್ಲ, ತಯಾರಿಕೆಯಲ್ಲೇ ಇದೆ.

ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಬಗ್ಗೆ 2022ರಲ್ಲಿ ಸಮಿತಿ ರಚಿಸಿತು. ಕಾನೂನು ಗಟ್ಟಿಯಾಗುವವರೆಗೆ ಕಾಯುವ ಅಗತ್ಯ ಖರೀದಿದಾರರಿಗಿಲ್ಲ. ಶಾಲಾಭಿವೃದ್ಧಿ ಸಮಿತಿಯಾಗಲಿ, ಸಂಘವಾಗಲಿ ದರಪಟ್ಟಿ ಕರೆಯುವಾಗ ಎರಡು ಷರತ್ತು ಸೇರಿಸಬಹುದು: ಮೆಮೊರಿ ಬೆಸೆದಿರಕೂಡದು, ಮತ್ತು ಕನಿಷ್ಠ ಒಂದು ಖಾನೆಯಾದರೂ ಖಾಲಿ ಇರಬೇಕು. ದಾನವಾಗಿ ಬರುವ ಕಂಪ್ಯೂಟರುಗಳಿಗೂ ಇದೇ ಪರೀಕ್ಷೆ ಇರಲಿ. ಖಾನೆಯಿಲ್ಲದ, ತೆರೆಯಲು ಬಾರದ ಯಂತ್ರವನ್ನು ಬೇಡವೆನ್ನಲು ಸಂಕೋಚ ಬೇಕಿಲ್ಲ.